ಬೇಬಾಕಿ ಪತ್ರದಲ್ಲಿ ಇಲ್ಲದ ಸಾಲು

ಸಿಂಗಲ್ ಸೈನ್-ಆನ್, ಅಂದರೆ ಒಂದೇ ಲಾಗಿನ್‌ನಿಂದ ಎಲ್ಲ ತಂತ್ರಾಂಶಗಳಿಗೂ ಪ್ರವೇಶ ಕೊಡುವ ವ್ಯವಸ್ಥೆ, ಏಕೆ ಬೇಕು ಎಂದು ಯಾರನ್ನು ಕೇಳಿದರೂ ಬರುವ ಉತ್ತರ ಒಂದೇ: ಹತ್ತು ಪಾಸ್‌ವರ್ಡ್ ನೆನಪಿಡುವ ತಾಪತ್ರಯ ತಪ್ಪುತ್ತದೆ. ತಪ್ಪುತ್ತದೆ, ನಿಜ. ಆದರೆ ಅಷ್ಟಕ್ಕಾಗಿ ಇಷ್ಟೊಂದು ಒದ್ದಾಡಬೇಕಾಗಿಲ್ಲ, ಪಾಸ್‌ವರ್ಡ್ ನೆನಪಿಡುವ ಕೆಲಸವನ್ನು ಮೊಬೈಲೇ ಮಾಡುತ್ತದೆ. ಅದರ ನಿಜವಾದ ಬೆಲೆ ತಿಳಿಯುವುದು ಯಾರಾದರೂ ಕೆಲಸ ಬಿಟ್ಟು ಹೋಗುವ ದಿನ. ಸ್ವಂತ ಸರ್ವರ್ ಹಾಕಿಕೊಳ್ಳಲು ಹೊರಟವರು ಆ ದಿನದ ಬಗ್ಗೆ ಯೋಚಿಸುವುದೇ ಇಲ್ಲ ಎಂಬುದು ನನ್ನ ತಕರಾರು.

ನಮ್ಮ ಕಡೆಯ ಒಂದು ಶಿಕ್ಷಣ ಸಂಸ್ಥೆಯವರು ಕಡತಗಳಿಗೆ ನೆಕ್ಸ್ಟ್‌ಕ್ಲೌಡ್, ಪಾಠಗಳಿಗೆ ಮೂಡಲ್ ಎಂದು ತಮ್ಮದೇ ಸರ್ವರಿನಲ್ಲಿ ನಡೆಸಲು ತೀರ್ಮಾನಿಸಿ ನನ್ನನ್ನು ಕರೆದಿದ್ದರು. ಅಲ್ಲಿಯ ತನಕ ಒಂದು ಹಳೆಯ ಕಂಪ್ಯೂಟರಿನಲ್ಲಿ ಎಲ್ಲ ಉಪನ್ಯಾಸಕರೂ 'ಅಡ್ಮಿನ್' ಎಂಬ ಒಂದೇ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದರು. ಪಾಸ್‌ವರ್ಡ್ ಎಂದರೆ ಕಾಲೇಜಿನ ಹೆಸರು, ಅದರ ಮುಂದೆ 123. ಹಾಜರಿ ಪುಸ್ತಕದ ಹಿಂದಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಬಿಟ್ಟು ಹೋದವರ ಲಾಗಿನ್ ಏನು ಮಾಡುತ್ತೀರಿ ಎಂದು ಗುಮಾಸ್ತರನ್ನು ಕೇಳಿದೆ. "ಬೇಬಾಕಿ ಪತ್ರ ತೆಗೆದುಕೊಂಡೇ ಬಿಡುಗಡೆ ಮಾಡುತ್ತೇವೆ ಸಾರ್" ಎಂದು ನಮೂನೆಯನ್ನು ಡ್ರಾಯರಿನಿಂದ ತೆಗೆದು ಕೈಗಿಟ್ಟರು. ಗ್ರಂಥಾಲಯ, ಪ್ರಯೋಗಾಲಯ, ಕ್ರೀಡಾ ವಿಭಾಗ, ಲೆಕ್ಕಪತ್ರ, ಕಪಾಟಿನ ಬೀಗದ ಕೈ. ಪ್ರತಿಯೊಂದಕ್ಕೂ ಒಂದು ಸಾಲು, ಒಂದು ಸಹಿ. ಶಟಲ್ ಬ್ಯಾಟು ವಾಪಸು ಬರದಿದ್ದರೆ ಕೊನೆಯ ಸಂಬಳಕ್ಕೆ ತಡೆ. ಪ್ರಶ್ನೆಪತ್ರಿಕೆಗಳಿರುವ ಫೋಲ್ಡರಿನ ಪಾಸ್‌ವರ್ಡ್ ಮಾತ್ರ ಹೋದವರ ಜೊತೆಗೇ ನೆಮ್ಮದಿಯಾಗಿ ಹೋಗುತ್ತಿತ್ತು.

ಎಚ್‌ಟಿಟಿಪಿಎಸ್, ಅಂದರೆ ಬ್ರೌಸರಿಗೂ ಸರ್ವರಿಗೂ ನಡುವಿನ ಮಾತಿಗೆ ಬೀಗ ಹಾಕುವ ವಿಧಾನ, ಅದರ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ. ಇಂದು ಅದಕ್ಕಾಗಿ ತಲೆ ಕೆಡಿಸಿಕೊಳ್ಳುವವರನ್ನು ಕಂಡರೆ ನನಗೆ ಅಚ್ಚರಿ. ಅದಕ್ಕೆ ಬೇಕಾದ ಸರ್ಟಿಫಿಕೇಟನ್ನು (ಡೊಮೇನ್ ನಮ್ಮದೇ ಎಂಬುದರ ಪ್ರಮಾಣಪತ್ರ) ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆದುಕೊಂಡ ಮೇಲೆ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕಾದ ಕಾಲ ಹೋಯಿತು. ಎದುರಿಗೆ ಕ್ಯಾಡಿ ಎಂಬ ವೆಬ್ ಸರ್ವರ್ ನಿಲ್ಲಿಸಿ ಡೊಮೇನ್ ಹೆಸರು ಬರೆದರೆ ಸರ್ಟಿಫಿಕೇಟನ್ನು ತಾನೇ ತರುತ್ತದೆ, ತಾನೇ ನವೀಕರಿಸುತ್ತದೆ. ನಮ್ಮಲ್ಲಿ ತೊಡಕಾಗುವುದು ಬೇರೆ ಕಡೆ. ಸರ್ವರ್ ಕಾಲೇಜಿನ ಕಟ್ಟಡದಲ್ಲೇ ಇದ್ದು, ಬ್ರಾಡ್‌ಬ್ಯಾಂಡ್ ಸಂಪರ್ಕಕ್ಕೆ ಸ್ವಂತ ಐಪಿವಿ4 ವಿಳಾಸ (ಹೊರಗಿನವರು ನೇರವಾಗಿ ತಲುಪಬಹುದಾದ ಅಂತರ್ಜಾಲ ಸಂಖ್ಯೆ) ಇಲ್ಲದಿದ್ದರೆ, ಲೆಟ್ಸ್ ಎನ್‌ಕ್ರಿಪ್ಟ್ ಹೊರಗಿನಿಂದ 80ನೇ ಪೋರ್ಟಿಗೆ (ಸರ್ವರಿನ ವೆಬ್ ಬಾಗಿಲು) ಬಂದು ಪರೀಕ್ಷಿಸುವ ಸಾಮಾನ್ಯ ವಿಧಾನ ಕೆಲಸ ಮಾಡುವುದಿಲ್ಲ. ಆಗ ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್ ಹೆಸರುಗಳ ವಿಳಾಸ ಪುಸ್ತಕದಲ್ಲಿ, ಒಂದು ಟೆಕ್ಸ್ಟ್ ದಾಖಲೆ ಸೇರಿಸಿ ಡೊಮೇನ್ ನಮ್ಮದೆಂದು ಸಾಬೀತು ಮಾಡುವ ದಾರಿ ಹಿಡಿಯಬೇಕು. ಸರ್ಟಿಫಿಕೇಟ್ ಸಿಕ್ಕ ಮಾತ್ರಕ್ಕೆ ಹೊರಗಿನವರು ಒಳಗೆ ಬರಲಾಗುವುದಿಲ್ಲ. ಅದಕ್ಕೆ ಟನೆಲ್ (ಹೊರಗಿನ ಸರ್ವರೊಂದರ ಮೂಲಕ ಒಳಗೆ ಬರುವ ದಾರಿ) ಅಥವಾ ಬಾಡಿಗೆ ಸರ್ವರ್ ಬೇಕೇ ಬೇಕು. ನಾವು ಬಾಡಿಗೆ ಸರ್ವರ್ ಹಿಡಿದೆವು. ಕಾಲೇಜಿನ ಯುಪಿಎಸ್ ಮೇಲೆ ನನಗೆ ಭರವಸೆ ಇರಲಿಲ್ಲ.

ಈ ವಿಷಯದಲ್ಲಿ ಎರಡು ಎಚ್ಚರಿಕೆ ಸಾಕು. ಸರ್ಟಿಫಿಕೇಟನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೈಯಿಂದ ನವೀಕರಿಸುವ ಅಭ್ಯಾಸವನ್ನು ಬಿಟ್ಟುಬಿಡಿ. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ 2025ರಲ್ಲಿ ಕೂಡಿ ಒಪ್ಪಿರುವಂತೆ, 2029ರ ಮಾರ್ಚ್ ಹೊತ್ತಿಗೆ ಸರ್ಟಿಫಿಕೇಟಿನ ಗರಿಷ್ಠ ಆಯುಸ್ಸು 47 ದಿನಕ್ಕೆ ಇಳಿಯುತ್ತದೆ. ಅವಧಿ ಮುಗಿಯುತ್ತಿದೆ ಎಂದು ಲೆಟ್ಸ್ ಎನ್‌ಕ್ರಿಪ್ಟ್ ಕಳುಹಿಸುತ್ತಿದ್ದ ಇಮೇಲ್ ಕೂಡ 2025ರ ಜೂನ್‌ನಲ್ಲೇ ನಿಂತಿದೆ, ಹಾಗಾಗಿ ಕಾವಲು ನಾವೇ ಇಡಬೇಕು. ಇನ್ನೊಂದು: ಇಂಥ ಪ್ರತಿಯೊಂದು ಸರ್ಟಿಫಿಕೇಟಿನಲ್ಲಿರುವ ಹೆಸರೂ ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ದಾಖಲೆಗೆ ಸೇರುತ್ತದೆ. 'ಪ್ರಶ್ನೆಪತ್ರಿಕೆ' ಎಂದು ಸಬ್‌ಡೊಮೇನಿಗೆ ಹೆಸರಿಟ್ಟು, ಯಾರಿಗೂ ಗೊತ್ತಿಲ್ಲ ಎಂದುಕೊಳ್ಳಬೇಡಿ.

ಇನ್ನು ಲಾಗಿನ್. ಶಾಲೆಗೆ ತಡವಾಗಿ ಬಂದ ಹುಡುಗ ಹೆಡ್‌ಮಾಸ್ಟರ ಸಹಿ ಇರುವ ಚೀಟಿ ತಂದರೆ ತರಗತಿಯ ಮೇಷ್ಟರು ಮರುಮಾತಿಲ್ಲದೆ ಒಳಗೆ ಬಿಡುತ್ತಾರೆ. ವಿಚಾರಣೆ ಏನಿದ್ದರೂ ಆಫೀಸಿನಲ್ಲಿ; ಮೇಷ್ಟರು ನೋಡುವುದು ಸಹಿಯನ್ನು, ಹೆಸರನ್ನು, ಚೀಟಿ ತಮ್ಮ ತರಗತಿಗೇ ಕೊಟ್ಟದ್ದೇ ಎಂಬುದನ್ನು. ಸಿಂಗಲ್ ಸೈನ್-ಆನ್‌ಗೆ ಬಳಸುವ ಓಪನ್‌ಐಡಿ ಕನೆಕ್ಟ್ ಎಂಬ ನಿಯಮಾವಳಿ ಮಾಡುವುದೂ ಇಷ್ಟೇ. ಆಫೀಸಿನ ಕೆಲಸಕ್ಕೆ ನಾವು ಆರಿಸಿದ್ದು ಕೀಕ್ಲೋಕ್. ರೆಡ್ ಹ್ಯಾಟ್‌ನವರು 2014ರಲ್ಲಿ ಹೊರತಂದ ತಂತ್ರಾಂಶ, ಮುಕ್ತ ಆಕರದ್ದು. ಜಾವಾದಲ್ಲಿ ಬರೆದದ್ದಾದ್ದರಿಂದ ಹೊಟ್ಟೆ ಸ್ವಲ್ಪ ದೊಡ್ಡದು, 1 ಜಿಬಿ ಮೆಮೊರಿಯ ಅಗ್ಗದ ಸರ್ವರಿನಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ. ಚಿಕ್ಕದು ಬೇಕೆನ್ನುವವರಿಗೆ ಆಥೀಲಿಯಾ ಇದೆ.

ಎಲ್ಲರೂ ಎಡವುವ ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ನೆಕ್ಸ್ಟ್‌ಕ್ಲೌಡ್‌ನಲ್ಲಿ ಲಾಗಿನ್ ಒತ್ತಿದಾಗ ಅದು ನಮ್ಮನ್ನು ಕೀಕ್ಲೋಕ್‌ಗೆ ಕಳುಹಿಸುತ್ತದೆ, ಕಳುಹಿಸುವಾಗ 'ಇವರನ್ನು ಈ ವಿಳಾಸಕ್ಕೆ ಹಿಂದಿರುಗಿಸು' ಎಂದು ಹೇಳಿ ಕಳುಹಿಸುತ್ತದೆ. ಆ ವಿಳಾಸ ಕೀಕ್ಲೋಕ್‌ನಲ್ಲಿ ಮೊದಲೇ ನೋಂದಾಯಿಸಿದ ವಿಳಾಸದೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹೊಂದದಿದ್ದರೆ ರಿಡೈರೆಕ್ಟ್ ಯುಆರ್‌ಐ ಸರಿಯಿಲ್ಲ ಎಂದು ಒಂದೇ ಸಾಲು ಹೇಳಿ ಸುಮ್ಮನಾಗುತ್ತದೆ. ಆಗ ಬ್ರೌಸರಿನ ಮೇಲ್ಭಾಗದ ವಿಳಾಸಪಟ್ಟಿಯನ್ನು ನಿಧಾನವಾಗಿ ಓದಿ. ಬಹುತೇಕ ಸಲ ಅದರೊಳಗಿನ ಹಿಂದಿರುಗುವ ವಿಳಾಸದಲ್ಲಿ 'ಎಚ್‌ಟಿಟಿಪಿ' ಎಂದಷ್ಟೇ ಇರುತ್ತದೆ, ಕೊನೆಯ 'ಎಸ್' ಇರುವುದಿಲ್ಲ. ಹೊರಗಿನ ಬ್ರೌಸರಿಗೂ ಕ್ಯಾಡಿಗೂ ನಡುವೆ ಎಚ್‌ಟಿಟಿಪಿಎಸ್, ಕ್ಯಾಡಿಯಿಂದ ಒಳಗಿನ ನೆಕ್ಸ್ಟ್‌ಕ್ಲೌಡ್‌ಗೆ ಬರೀ ಎಚ್‌ಟಿಟಿಪಿ. ಒಳಗೆ ಕೂತ ಅದಕ್ಕೆ ಹೊರಗೆ ಬೀಗ ಹಾಕಿರುವುದು ಕಾಣದು, ತಾನಿರುವುದು ಎಚ್‌ಟಿಟಿಪಿಯಲ್ಲೇ ಎಂದು ನಂಬಿ ವಿಳಾಸವನ್ನೂ ಹಾಗೆಯೇ ಕಟ್ಟುತ್ತದೆ. ಕ್ಯಾಡಿ ಹೇಳುವುದನ್ನು ನಂಬು ಎಂದು ನೆಕ್ಸ್ಟ್‌ಕ್ಲೌಡ್‌ನ ಸಂರಚನೆಯಲ್ಲಿ ಬರೆದರೆ, ಅಥವಾ ಪ್ರೋಟೋಕಾಲ್ ಎಚ್‌ಟಿಟಿಪಿಎಸ್ ಎಂದು ಕಟ್ಟುನಿಟ್ಟಾಗಿ ನಮೂದಿಸಿದರೆ ಮುಗಿಯಿತು. ನಂಬಬೇಕಾದದ್ದು ಕ್ಯಾಡಿಯ ಐಪಿ ವಿಳಾಸವನ್ನು ಮಾತ್ರ, ದಾರಿಹೋಕರನ್ನೆಲ್ಲ ಅಲ್ಲ.

ಇದನ್ನು ಹೀಗೆ ಸರಿಪಡಿಸುವ ಬದಲು ಕೀಕ್ಲೋಕ್‌ನ ವಿಳಾಸದ ಅಂಕಣದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿ ಕೈತೊಳೆದುಕೊಳ್ಳುವವರಿದ್ದಾರೆ. 'ಯಾವ ವಿಳಾಸವಾದರೂ ಸರಿ' ಎಂದು ಅದರರ್ಥ. ದೋಷ ತಕ್ಷಣ ಮಾಯವಾಗುತ್ತದೆ. ಜೊತೆಗೆ ಯಾರೋ ಕಳುಹಿಸಿದ ಕೊಂಡಿಯನ್ನು ನಮ್ಮ ಉಪನ್ಯಾಸಕರು ಒತ್ತಿದರೆ ಅವರ ಚೀಟಿ ಬೇರೊಬ್ಬರ ಅಂಗಳಕ್ಕೆ ಹೋಗಿ ಬೀಳುವ ದಾರಿಯೂ ತೆರೆದುಕೊಳ್ಳುತ್ತದೆ. ವಿಡಿಯೊ ಪಾಠಗಳಲ್ಲಿ ಈ ನಕ್ಷತ್ರವನ್ನು ಧಾರಾಳವಾಗಿ ಹಾಕಿ ತೋರಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಕನ್ನಡದ ಡೊಮೇನ್ ಬೇಕೆನ್ನುವವರಿಗೂ ಇಲ್ಲೇ ಒಂದು ಮಾತು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಸಿಗುತ್ತದೆ, ಅದಕ್ಕೆ ಸರ್ಟಿಫಿಕೇಟೂ ಸಿಗುತ್ತದೆ. ಆದರೆ ಬ್ರೌಸರ್ ಒಳಗೊಳಗೆ ಅದನ್ನು 'ಎಕ್ಸ್‌ಎನ್' ಎಂದು ಶುರುವಾಗುವ ರೋಮನ್ ಅಕ್ಷರಗಳ ಸಾಲಾಗಿ ಬದಲಿಸಿಕೊಂಡು ಕಳುಹಿಸುತ್ತದೆ. ಕೀಕ್ಲೋಕ್‌ನಲ್ಲಿ ಬರೆಯಬೇಕಾದದ್ದು ಆ ರೂಪವನ್ನು.

ಇಷ್ಟೆಲ್ಲ ಯಂತ್ರದ ಕೆಲಸ, ಒಂದು ವಾರಾಂತ್ಯದಲ್ಲಿ ಮುಗಿಯುವಂಥದ್ದು. ಮುಗಿಯದೆ ಎಳೆದಾಡುವುದು ಜನರ ಪಟ್ಟಿ. ಯಾರು ಯಾರು ಎಂದು ಗುರುತಿಸುವುದು ಯಾವುದರಿಂದ? ಇಮೇಲ್‌ನಿಂದ ಎನ್ನುತ್ತಾರೆ ಎಲ್ಲರೂ. ನಮ್ಮ ಪಟ್ಟಿ ಬಂದಾಗ ನೋಡಿದರೆ ಇಬ್ಬರು ಶಿಕ್ಷಕಿಯರು ಗಂಡನ ಇಮೇಲ್ ಕೊಟ್ಟಿದ್ದರು, ಒಬ್ಬರು ಮಗನದ್ದು. ಪ್ರಾಂಶುಪಾಲರದ್ದು 'ಪ್ರಿನ್ಸಿಪಾಲ್' ಎಂದು ಶುರುವಾಗುವ ಕಚೇರಿಯ ಇಮೇಲ್. ಆ ಕುರ್ಚಿಗೆ ಮುಂದೆ ಬೇರೆಯವರು ಬರುತ್ತಾರೆ. ಇಮೇಲ್ ನೋಡಿ ಖಾತೆ ಜೋಡಿಸಿದರೆ ಹೊಸಬರು ಲಾಗಿನ್ ಆದ ಕೂಡಲೇ ಹಳೆಯವರ ವೈದ್ಯಕೀಯ ರಜೆಯ ಅರ್ಜಿಯಿಂದ ಹಿಡಿದು ಎಲ್ಲ ಕಡತಗಳೂ ಅವರ ಕಣ್ಣೆದುರು. ಹೆಸರಿನಿಂದ ಗುರುತಿಸೋಣವೆಂದರೆ ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಮೊಬೈಲ್ ಸಂಖ್ಯೆ ಎಂದರೆ, ರೀಚಾರ್ಜ್ ನಿಲ್ಲಿಸಿದ ಸಿಮ್‌ನ ಸಂಖ್ಯೆ ಕೆಲ ಕಾಲದ ನಂತರ ಇನ್ಯಾರದೋ ಕೈ ಸೇರುತ್ತದೆ. ಓಪನ್‌ಐಡಿ ಕನೆಕ್ಟ್ ರೂಪಿಸಿದವರಿಗೆ ಈ ಅಂದಾಜು ಇತ್ತು. ಪ್ರತಿ ವ್ಯಕ್ತಿಗೂ ಎಂದೂ ಬದಲಾಗದ, ಇನ್ನೊಬ್ಬರಿಗೆ ಕೊಡದ ಒಂದು ಗುರುತನ್ನು ಚೀಟಿಯಲ್ಲಿ ಇಡಬೇಕೆಂದು ನಿಯಮ ಮಾಡಿದ್ದಾರೆ. ಖಾತೆ ಜೋಡಿಸಬೇಕಾದದ್ದು ಅದರೊಂದಿಗೆ. ಮನುಷ್ಯರು ಓದಲು ಬೇಕಾದರೆ ಸೇವಾ ಪುಸ್ತಕದಲ್ಲಿರುವ ನೌಕರರ ಸಂಖ್ಯೆಯನ್ನು ಬಳಕೆದಾರರ ಹೆಸರಾಗಿಸಿ. ನಾವು ಹಾಗೆ ಮಾಡಿದೆವು. ಹಿರಿಯ ಉಪನ್ಯಾಸಕರೊಬ್ಬರು "ನಮ್ಮನ್ನೇನು ಕೈದಿಗಳೆಂದುಕೊಂಡಿರಾ?" ಎಂದು ಗೊಣಗಿದರು. ಗೊಣಗಾಟ ಒಂದು ತಿಂಗಳಲ್ಲಿ ತಣ್ಣಗಾಯಿತು.

ಈಗ ಬಿಟ್ಟು ಹೋಗುವ ದಿನಕ್ಕೆ ಬರೋಣ. ಕೀಕ್ಲೋಕ್‌ನಲ್ಲಿ ಒಂದು ಗುಂಡಿ ಒತ್ತಿ ಖಾತೆ ನಿಲ್ಲಿಸಿದರೆ ಎಲ್ಲ ಬಾಗಿಲುಗಳೂ ಮುಚ್ಚುತ್ತವೆ ಎಂದು ಹೇಳಿಕೊಳ್ಳುವುದುಂಟು. ಅದು ಅರ್ಧ ಸತ್ಯ. ಹೊಸ ಚೀಟಿ ಸಿಗುವುದಿಲ್ಲ, ಅಷ್ಟೇ. ಆಗಲೇ ಒಳಗೆ ಕೂತಿರುವವರನ್ನು ಮೂಡಲ್ ತನ್ನ ಸೆಷನ್ (ಒಮ್ಮೆ ಲಾಗಿನ್ ಆದವರನ್ನು ಒಳಗೆ ಇರಗೊಡುವ ಅವಧಿ) ಮುಗಿಯುವ ತನಕ ಎಬ್ಬಿಸುವುದಿಲ್ಲ. ಮೊಬೈಲಿನ ನೆಕ್ಸ್ಟ್‌ಕ್ಲೌಡ್ ಆಪ್ ಒಮ್ಮೆ ಲಾಗಿನ್ ಆದ ಮೇಲೆ ತನ್ನದೇ ಪ್ರತ್ಯೇಕ ಟೋಕನ್, ಅಂದರೆ ಪಾಸ್‌ವರ್ಡಿನ ಬದಲಿಗೆ ತೋರಿಸುವ ಗುಟ್ಟಿನ ಸಾಲು, ಇಟ್ಟುಕೊಳ್ಳುತ್ತದೆ. ಕೀಕ್ಲೋಕ್ ಕಡೆ ಮತ್ತೆ ತಿರುಗಿಯೂ ನೋಡದೆ ಕಡತಗಳನ್ನು ಎಳೆದುಕೊಳ್ಳುತ್ತಲೇ ಇರಬಹುದು. ಇಂಥವರನ್ನು ತಕ್ಷಣ ಹೊರಗೆ ಹಾಕು ಎಂದು ಆಪ್‌ಗಳಿಗೆ ಹಿಂದಿನಿಂದ ಹೇಳಿ ಕಳುಹಿಸುವ ವಿಧಾನ ಇದೆ, ಎಲ್ಲ ಆಪ್‌ಗಳೂ ಅದನ್ನು ಕೇಳಿಸಿಕೊಳ್ಳುವುದಿಲ್ಲ. ಆದ್ದರಿಂದ ಖಾತೆಯನ್ನು ಕೀಕ್ಲೋಕ್‌ನಲ್ಲೂ ನಿಲ್ಲಿಸಬೇಕು, ನೆಕ್ಸ್ಟ್‌ಕ್ಲೌಡ್‌ನಲ್ಲೂ ನಿಲ್ಲಿಸಬೇಕು, ಸೆಷನ್‌ಗಳನ್ನು ಕಿತ್ತುಹಾಕಬೇಕು. ಇದನ್ನು ಮಾಡುವವರು ಯಾರು? ಸರ್ವರ್ ನೋಡಿಕೊಳ್ಳುವ ಹುಡುಗನಿಗೆ ಯಾರು ರಾಜೀನಾಮೆ ಕೊಟ್ಟರೆಂದು ತಿಳಿಯುವುದು ಬೀಳ್ಕೊಡುಗೆಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಬಂದಾಗ. ಮೊದಲು ತಿಳಿಯುವುದು ಗುಮಾಸ್ತರಿಗೆ. ಅವರಿಗೆ ಕೀಕ್ಲೋಕ್‌ನಲ್ಲಿ ಖಾತೆ ನಿಲ್ಲಿಸುವ ಅಧಿಕಾರ ಕೊಟ್ಟು, ಬೇಬಾಕಿ ನಮೂನೆಯಲ್ಲಿ 'ಗಣಕ ಖಾತೆ' ಎಂದು ಒಂದು ಸಾಲು ಸೇರಿಸಿದೆವು. ಉಳಿದ ಎರಡು ಕೆಲಸ ಮುಗಿಸಿ ಆ ಸಾಲಿಗೆ ಸಹಿ ಹಾಕುವುದು ಸರ್ವರ್ ನೋಡಿಕೊಳ್ಳುವವನು. ಈ ಇಡೀ ಯೋಜನೆಯಲ್ಲಿ ನನಗೆ ಹೆಮ್ಮೆ ಎನಿಸುವ ಭಾಗ ಅದೊಂದೇ, ಅದಕ್ಕೆ ತಗುಲಿದ್ದು ಒಂದು ಜೆರಾಕ್ಸ್‌ನ ಖರ್ಚು.

ಇದಕ್ಕೆ ವಿರುದ್ಧ ದಿಕ್ಕಿನ ಭಯವೂ ಇದೆ. ಎಲ್ಲದಕ್ಕೂ ಒಂದೇ ಬಾಗಿಲು ಎಂದಾದ ಮೇಲೆ ಅದು ಕೆಟ್ಟರೆ ಇಡೀ ಸಂಸ್ಥೆ ಹೊರಗೆ. ಪರೀಕ್ಷೆಯ ಹಿಂದಿನ ಸಂಜೆ ಕೀಕ್ಲೋಕ್‌ನ ಡೇಟಾಬೇಸ್ ಕೈಕೊಟ್ಟರೆ ನೆಕ್ಸ್ಟ್‌ಕ್ಲೌಡ್ ಚೆನ್ನಾಗಿದ್ದೂ ಪ್ರಯೋಜನವಿಲ್ಲ. ಹಾಗಾಗಿ ಪ್ರತಿ ಆಪ್‌ನಲ್ಲೂ ಕೀಕ್ಲೋಕ್‌ನ ಹಂಗಿಲ್ಲದ ಒಂದು ಸ್ಥಳೀಯ ಅಡ್ಮಿನ್ ಖಾತೆ ಇರಲಿ. ಅದರ ಉದ್ದನೆಯ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಅರಗಿನ ಮುದ್ರೆ ಹಾಕಿ ಪ್ರಶ್ನೆಪತ್ರಿಕೆಗಳಿರುವ ತಿಜೋರಿಯಲ್ಲೇ ಇಡಲಿ. ಮುದ್ರೆ ಹಾಕುವ ಮುನ್ನ ಕೀಕ್ಲೋಕ್ ನಿಲ್ಲಿಸಿ ಆ ಖಾತೆಯಿಂದ ಒಳಹೋಗಿ ನೋಡಿ. ಬ್ಯಾಕಪ್‌ಗೂ ಇದೇ ಮಾತು: ಇನ್ನೊಂದು ಯಂತ್ರದಲ್ಲಿ ಮತ್ತೆ ಎಬ್ಬಿಸಿ ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಇದೆಲ್ಲ ಬೇಕೇ? ಗೂಗಲ್ ಶಾಲೆಗಳಿಗೆ ಪುಕ್ಕಟೆ ಕೊಡುತ್ತದಲ್ಲ" ಎಂದು ಕೇಳುವವರಿಗೆ ನನ್ನ ಬಳಿ ಚೂಪಾದ ಉತ್ತರವಿಲ್ಲ. ಅರ್ಹ ಶಿಕ್ಷಣ ಸಂಸ್ಥೆಗಳಿಗೆ ಮೂಲ ಸೌಲಭ್ಯ ಉಚಿತವಾಗಿಯೇ ಸಿಗುತ್ತದೆ, ಲಾಗಿನ್ ವ್ಯವಸ್ಥೆಯೂ ಅದರೊಳಗೇ ಇದೆ. ಸರ್ವರಿನ ಪಾಸ್‌ವರ್ಡ್, ಡೊಮೇನ್ ನವೀಕರಣ, ಬ್ಯಾಕಪ್ ಎಲ್ಲಿದೆ ಎಂಬುದು ಇವೆಲ್ಲ ಒಬ್ಬನೇ ಒಬ್ಬನಿಗೆ ಗೊತ್ತಿದ್ದರೆ, ದಯವಿಟ್ಟು ಗೂಗಲ್‌ನದ್ದನ್ನೇ ಬಳಸಿ. ಅಂಥ ಕಡೆ ಸ್ವಂತ ಸರ್ವರ್ ಎಂಬುದು ಸಂಸ್ಥೆಯದ್ದಲ್ಲ, ಆ ಒಬ್ಬನದ್ದು. ಅವನಿಗೂ ಒಂದು ದಿನ ಬೆಂಗಳೂರಿನಲ್ಲಿ ಕೆಲಸ ಸಿಗುತ್ತದೆ. ಅದೇ ಹೊತ್ತಿಗೆ ದುಡ್ಡು ಕೊಟ್ಟು ಕೊಳ್ಳುವ ಆನ್‌ಲೈನ್ ಸೇವೆಗಳ ದರಪಟ್ಟಿಗಳನ್ನೂ ನೋಡಿ. ಎಷ್ಟೋ ಕಡೆ ಸಿಂಗಲ್ ಸೈನ್-ಆನ್ ಇರುವುದು ಅತಿ ದುಬಾರಿ ಶ್ರೇಣಿಯಲ್ಲಿ ಮಾತ್ರ. ಬಿಟ್ಟು ಹೋದವರನ್ನು ಹೊರಗಿಡುವ ಕನಿಷ್ಠ ಭದ್ರತೆಗೆ ಹೀಗೆ ಬೇರೆಯಾಗಿ ವಸೂಲು ಮಾಡುವುದು ನನ್ನ ಮಟ್ಟಿಗೆ ಸುಲಿಗೆ. ಸ್ವಂತ ಸರ್ವರಿನ ಕಡೆ ನಾನು ವಾಲಿದ್ದಕ್ಕೆ ಅದೂ ಒಂದು ಕಾರಣ.

ನಮ್ಮ ಸಂರಚನಾ ಕಡತಗಳನ್ನು ಕೇಳಿದವರಿಗೆ, ಗುಟ್ಟಿನ ಸಾಲುಗಳನ್ನು ತೆಗೆದು, ಖಂಡಿತ ಕಳುಹಿಸುತ್ತೇನೆ. ಕೇಳುವಾಗ ನಿಮ್ಮ ಸಂಸ್ಥೆಯಲ್ಲಿ ಸರ್ವರ್ ನೋಡಿಕೊಳ್ಳುವ ಇಬ್ಬರು ಯಾರು ಎಂದು ಬರೆಯಿರಿ. ಒಬ್ಬರೇ ಇದ್ದರೆ ಇನ್ನೊಬ್ಬರನ್ನು ಹುಡುಕಿಕೊಂಡು ಬನ್ನಿ, ನಾನು ಇಲ್ಲೇ ಇರುತ್ತೇನೆ.