ಆಪರೇಷನ್‌ಗೆ ನಡೆಯುವ ಕಾರ್ಡು, ಸ್ಕ್ಯಾನಿಂಗ್‌ಗೆ ನಡೆಯದ ಕಾರ್ಡು

ಆಲೂರು ತಾಲ್ಲೂಕಿನಲ್ಲಿರುವ ನನ್ನ ದೊಡ್ಡಪ್ಪನವರಿಗೆ ಕಳೆದ ಮಳೆಗಾಲದಲ್ಲಿ, ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ತೊಂದರೆಯ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿ ಹೆಚ್ಚಾಗಿ ಬಂದಾಗ, ಹಾಸನದಲ್ಲಿ ಅವರನ್ನು ನೋಡಿದ ಮೂತ್ರರೋಗ ತಜ್ಞರು ಬಯಾಪ್ಸಿಗೆ, ಅಂದರೆ ಸೂಜಿಯಿಂದ ಚೂರು ತೆಗೆದು ನೋಡುವ ಪರೀಕ್ಷೆಗೆ, ಮೊದಲು ಆ ಗ್ರಂಥಿಯ ಎಂಆರ್‌ಐ ಮಾಡಿಸಿಕೊಂಡು ಬರುವಂತೆ ಬರೆದುಕೊಟ್ಟರು. ಮನೆಯಲ್ಲಿ ಬಿಪಿಎಲ್ ಕಾರ್ಡಿತ್ತು, ಆಯುಷ್ಮಾನ್ ಕಾರ್ಡೂ ಇತ್ತು. ಕೌಂಟರಿನಲ್ಲಿ ಸಿಕ್ಕ ಉತ್ತರ ಮಾತ್ರ ಚಿಕ್ಕದು: ಅಡ್ಮಿಟ್ ಆದರೆ ಕಾರ್ಡು ನಡೆಯುತ್ತದೆ, ಬರೀ ಸ್ಕ್ಯಾನಿಂಗ್‌ಗೆ ನಡೆಯುವುದಿಲ್ಲ. "ಶುಂಠಿ ಕಿತ್ತ ಮೇಲೆ ಮಾಡ್ಸಾಣ ಬಿಡಪ್ಪ" ಎಂದು ದೊಡ್ಡಪ್ಪ ಆ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ನಾಲ್ಕು ತಿಂಗಳು ಅದು ಅಲ್ಲೇ ಇತ್ತು.

ಕೌಂಟರಿನಲ್ಲಿದ್ದ ಹುಡುಗಿಯನ್ನು ದೂರಿ ಪ್ರಯೋಜನವಿಲ್ಲ. ಯೋಜನೆಯನ್ನು ಹೆಣೆದಿರುವುದೇ ಹಾಗೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಭರವಸೆ ಕೊಡುತ್ತದೆ, ಆದರೆ ಅದರ ಲೆಕ್ಕವೆಲ್ಲ ಹಾಸಿಗೆಯ ಸುತ್ತ ತಿರುಗುತ್ತದೆ. ದಾಖಲಾಗುವುದಕ್ಕೆ ಹಿಂದಿನ 3 ದಿನ ಮತ್ತು ಬಿಡುಗಡೆಯ ನಂತರದ 15 ದಿನಗಳ ತಪಾಸಣೆ, ಔಷಧಿಗಳು ಅದರೊಳಗೆ ಬರುತ್ತವೆ. ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಲು ವಾರಗಳೇ ಬೇಕಾಗುವಾಗ ಆ 3 ದಿನಗಳಿಂದ ಆಗುವುದೇನು? ರೋಗ ಖಚಿತವಾದವನಿಗೆ ಹಣವಿದೆ, ಖಚಿತಪಡಿಸಿಕೊಳ್ಳಬೇಕಾದವನಿಗೆ ಇಲ್ಲ.

ಈ ಸ್ಕ್ಯಾನಿಂಗ್‌ಗಳು ಬೇಡದ ವೆಚ್ಚವೆಂದು ಯಾರಾದರೂ ಹೇಳಬಹುದು. ಆದರೆ 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನವು 576 ಗಂಡಸರನ್ನು ಪರೀಕ್ಷಿಸಿ, ಮೊದಲೇ ಎಂಆರ್‌ಐ ಮಾಡಿದರೆ ನೂರರಲ್ಲಿ 27 ಮಂದಿಗೆ ಬಯಾಪ್ಸಿಯ ಸೂಜಿಯನ್ನೇ ತಪ್ಪಿಸಬಹುದೆಂದು ತೋರಿಸಿತು. ಇನ್ನು ಪಿಎಸ್‌ಎಂಎ ಪೆಟ್ ಸ್ಕ್ಯಾನ್, ಅಂದರೆ ಪ್ರಾಸ್ಟೇಟ್ ಕ್ಯಾನ್ಸರಿನ ಜೀವಕೋಶಗಳಿಗೆ ಅಂಟಿಕೊಳ್ಳುವ ವಿಕಿರಣಶೀಲ ದ್ರವ್ಯವನ್ನು ರಕ್ತನಾಳಕ್ಕೆ ಕೊಟ್ಟು ರೋಗ ಎಲ್ಲೆಲ್ಲಿ ಹರಡಿದೆ ಎಂದು ನೋಡುವ ವಿಧಾನ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ರೋಗ ಹರಡುವ ಅಪಾಯ ಹೆಚ್ಚಿದ್ದ 302 ರೋಗಿಗಳಲ್ಲಿ ಅದರ ನಿಖರತೆ ಶೇ 92ರಷ್ಟಿದ್ದರೆ, ಸಿಟಿ ಮತ್ತು ಮೂಳೆ ಸ್ಕ್ಯಾನ್ ಎರಡೂ ಸೇರಿದರೂ ಶೇ 65ಕ್ಕೆ ನಿಂತಿತು.

ಆಸ್ಟ್ರೇಲಿಯಾವನ್ನು ನಾನು ಎತ್ತಿಕೊಂಡದ್ದಕ್ಕೆ ಕಾರಣವಿದೆ. ಅಲ್ಲಿನ ಸಾರ್ವಜನಿಕ ವಿಮೆಯಾದ ಮೆಡಿಕೇರ್ 2018ರ ಜುಲೈನಿಂದ ಪ್ರಾಸ್ಟೇಟ್ ಎಂಆರ್‌ಐಗೂ 2022ರ ಜುಲೈನಿಂದ ಪಿಎಸ್‌ಎಂಎ ಪೆಟ್‌ಗೂ ಹಣ ಕೊಡತೊಡಗಿತು, ಬಳಕೆ ಏರಿತು. ವೈದ್ಯರ ಜ್ಞಾನ ಆ ಜುಲೈ ತಿಂಗಳಲ್ಲಿ ಥಟ್ಟನೆ ಬೆಳೆದದ್ದೇನಲ್ಲ. ಯಾವ ಪರೀಕ್ಷೆಗೆ ಸರ್ಕಾರ ಹಣ ಕೊಡುತ್ತದೋ ಅದನ್ನು ಬರೆಯಲು ವೈದ್ಯರ ಕೈ ಹಿಂಜರಿಯುವುದಿಲ್ಲ, ಅಷ್ಟೇ. ಹಣ ಬಿಟ್ಟರೆ ದುರ್ಬಳಕೆಯಾಗುತ್ತದೆ ಎಂಬ ಆಕ್ಷೇಪಕ್ಕೂ ಅಲ್ಲಿ ಉತ್ತರವಿದೆ: ತಜ್ಞ ವೈದ್ಯರೇ ಬರೆಯಬೇಕು, ಚಿಕಿತ್ಸೆಗೆ ಮುನ್ನ ರೋಗದ ಹಂತ ತಿಳಿಯಲು ಮಾಡುವ ಪಿಎಸ್‌ಎಂಎ ಪೆಟ್‌ಗೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹಣ ಸಿಗುತ್ತದೆ. ನಮ್ಮಲ್ಲಿ ದುರ್ಬಳಕೆಯ ಭಯಕ್ಕೆ ಬಾಗಿಲನ್ನೇ ಹಾಕಿಬಿಡುವ ಅಭ್ಯಾಸವಿದೆ.

ಹಣವೊಂದೇ ಸಾಲದೆಂಬುದನ್ನೂ ಒಪ್ಪುತ್ತೇನೆ. ಪಿಎಸ್‌ಎಂಎ ಸ್ಕ್ಯಾನ್‌ಗೆ ಬಳಸುವ ಗ್ಯಾಲಿಯಂ-68 ಎಂಬ ವಿಕಿರಣಶೀಲ ವಸ್ತು ತಾನಾಗಿಯೇ ಕರಗುತ್ತಾ ಪ್ರತಿ 68 ನಿಮಿಷಕ್ಕೆ ಅರ್ಧವಾಗುತ್ತದೆ. ಬೆಂಗಳೂರಿನಲ್ಲಿ ತುಂಬಿ ಹಾಸನಕ್ಕೆ ತರುವ ಮೂರೂವರೆ ಗಂಟೆಯಲ್ಲಿ ಎಂಟನೆಯ ಒಂದು ಭಾಗ ಉಳಿದೀತು. ಅದರ ಬದಲು ಬಳಸಬಹುದಾದ, 110 ನಿಮಿಷಕ್ಕೆ ಅರ್ಧವಾಗುವ ಫ್ಲೋರಿನ್-18 ಆದರೂ ಉಳಿಯುವುದು ಕಾಲು ಭಾಗದ ಆಸುಪಾಸು. ಆದ್ದರಿಂದ ಪೆಟ್ ಸ್ಕ್ಯಾನ್‌ಗೆ ಸದ್ಯ ರೋಗಿಯೇ ಬೆಂಗಳೂರಿಗೆ ಹೋಗುವುದು ಸುಲಭದ ದಾರಿ ಎನಿಸಬಹುದು. ಆಗ ಸ್ಕ್ಯಾನಿನ ದರದ ಜೊತೆಗೆ ರೋಗಿ ಮತ್ತು ಜೊತೆಗಾರನ ಬಸ್ ಚಾರ್ಜನ್ನೂ ಯೋಜನೆಯೇ ಕೊಡಬೇಕು. ಎಂಆರ್‌ಐಗೆ ಆ ನೆಪವಿಲ್ಲ. ಯಂತ್ರ ಹಾಸನದಲ್ಲೇ ಇದೆ. ಮೂತ್ರರೋಗ ತಜ್ಞರ ಸಹಿಯಿರುವ ಚೀಟಿಗೆ, ಅಡ್ಮಿಟ್ ಆಗದೆಯೇ, ಕಾರ್ಡು ನಡೆಯುವಂತೆ ಆದೇಶವಾಗಬೇಕೆಂದು ನಮ್ಮ ಶಾಸಕರಿಗೂ ಜಿಲ್ಲಾ ಉಸ್ತುವಾರಿ ಸಚಿವರಿಗೂ ಈ ವಾರ ಪತ್ರ ಬರೆದಿದ್ದೇನೆ.

ದೊಡ್ಡಪ್ಪನವರ ಎಂಆರ್‌ಐ ಕೊನೆಗೂ ಆಯಿತು. ಶುಂಠಿಗೆ ರೇಟು ಸಿಗದ್ದರಿಂದ ಸಹಕಾರ ಸಂಘದಲ್ಲಿ ಒಡವೆ ಇಟ್ಟು ಮಾಡಿಸಿದೆವು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಗಿದೆ, ಮುಂದಿನ ಸೋಮವಾರ ಅಡ್ಮಿಟ್ ಆಗುತ್ತಾರೆ. ಈ ಸಲ ಕಾರ್ಡು ನಡೆಯುತ್ತದಂತೆ.