ಅಪ್‌ಲೋಡ್ ಆಯ್ತಾ ಮೇಷ್ಟ್ರೇ?

ನಮ್ಮ ಸಕಲೇಶಪುರದ ಕಡೆ ಸರ್ಕಾರಿ ಶಾಲೆ ಮೇಷ್ಟ್ರನ್ನು ಗುರುತು ಹಿಡಿಯುವುದು ಈಗ ಬಹಳ ಸುಲಭ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಮುಗಿಲಿಗೆ ಎತ್ತಿದ ಮೊಬೈಲು, ಶಾಲೆ ಹಿಂದಿನ ದಿಬ್ಬದ ಮೇಲೆ ನಿಂತಿದ್ದರೆ ಅವರೇ. ಸಿಗ್ನಲ್ ಹುಡುಕಿ ಯಾರಿಗೋ ಫೋನ್ ಮಾಡ್ತಿದ್ದಾರೆ ಅಂದುಕೊಳ್ಳಬೇಡಿ. ಇವತ್ತು ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು ತಿಂದರು ಅನ್ನುವ ಲೆಕ್ಕ ಮೇಲಕ್ಕೆ ಹೋಗಬೇಕು. ಒಳಗೆ ಮಕ್ಕಳು ಮಗ್ಗಿ ಹೇಳ್ತಾ ಕೂತಿರುತ್ತಾರೆ, ಹದಿಮೂರರ ಮಗ್ಗಿ ಹದಿನಾರಕ್ಕೆ ಜಾರಿದರೂ ಕೇಳುವವರಿಲ್ಲ.

ಮೊಟ್ಟೆ ಒಂದೇ ಆಗಿದ್ದರೆ ಹೋಗಲಿ ಬಿಡಿ. ಮಕ್ಕಳ ದಾಖಲಾತಿ, ಅಂಕ ತುಂಬಿಸುವ ರಾಜ್ಯದ ಸ್ಯಾಟ್ಸ್ ಇದೆ, ಶಾಲೆಯ ವಿವರ ಕೇಳುವ ಕೇಂದ್ರದ ಯು-ಡೈಸ್ ಇದೆ, ಈಗ ಮಗುವಿಗೊಂದು ಗುರುತಿನ ಸಂಖ್ಯೆ ಅಂತ ಅಪಾರ್ ಐಡಿ ಬಂದಿದೆ. ಆಧಾರ್‌ನಲ್ಲಿ ಹುಡುಗಿ ಹೆಸರು ಒಂದು ಥರ, ದಾಖಲಾತಿ ರಿಜಿಸ್ಟರಿನಲ್ಲಿ ಇನ್ನೊಂದು ಥರ ಇದ್ದರೆ ಅದನ್ನು ಹೊಂದಿಸುವ ಕೆಲಸವೂ ಮೇಷ್ಟ್ರದೇ. ಎಫ್‌ಎ ಅನ್ನುವ ಕಿರು ಪರೀಕ್ಷೆ ಒಂದರಿಂದ ನಾಲ್ಕು, ಎಸ್‌ಎ ಅನ್ನುವ ದೊಡ್ಡ ಪರೀಕ್ಷೆ ಎರಡು, ಅದಕ್ಕೆ ಮೊದಲು ಹಿಂದಿನ ಕ್ಲಾಸಿನದ್ದನ್ನು ನೆನಪಿಸುವ ಸೇತುಬಂಧ, ಎಲ್ಲದರ ಅಂಕ, ಎಲ್ಲದರ ಗ್ರೇಡು. ಎಲ್ಲವೂ ಮೇಲಕ್ಕೆ. ಮೇಲೆ ಹೋದದ್ದು ಏನಾಯಿತು? ಅದು ಮಾತ್ರ ಗೊತ್ತಿಲ್ಲ. ನಮ್ಮೂರ ಹಾಲಿನ ಡೇರಿಗೆ ಬೆಳಗ್ಗೆ ಎರಡು ಲೀಟರ್ ಹಾಲು ಹಾಕಿದವರಿಗೂ ಅಲ್ಲೇ ಚೀಟಿ ಸಿಗುತ್ತದೆ: ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ಎಷ್ಟು, ದುಡ್ಡು ಎಷ್ಟು. ಫ್ಯಾಟ್ ಇಳಿದಿದ್ದರೆ ಸಂಜೆಗೇ ಹಿಂಡಿ ಬದಲಾಗುತ್ತದೆ. ವರ್ಷಪೂರ್ತಿ ಮಕ್ಕಳ ಲೆಕ್ಕ ಹಾಕಿದ ಮೇಷ್ಟ್ರಿಗೆ ಸಿಗುವುದು ವಾಟ್ಸಾಪಿನಲ್ಲಿ ಒಂದೇ ಸಾಲು: "ಇನ್ನೂ ಅಪ್‌ಲೋಡ್ ಮಾಡದ ಶಾಲೆಗಳ ಪಟ್ಟಿ ಲಗತ್ತಿಸಿದೆ."

ಇದಕ್ಕೂ ಮದ್ದು ಸಿಕ್ಕಿತು ಅನ್ನಿ. ತರಬೇತಿ! ಬ್ಯಾನರಿನಲ್ಲಿ 'ಕಲಿಕಾ ದತ್ತಾಂಶವನ್ನು ಅರ್ಥೈಸಿಕೊಂಡು ತರಗತಿಯಲ್ಲಿ ಪರಿಣಾಮಕಾರಿಯಾಗಿ ಬಳಸುವ ಕುರಿತು ಶಿಕ್ಷಕರ ಸಾಮರ್ಥ್ಯವರ್ಧನೆ' ಅಂತ ಬರೆದಿತ್ತು. ಓದುವಷ್ಟರಲ್ಲಿ ಟೀ ತಣ್ಣಗಾಗುವಷ್ಟು ಉದ್ದ. ಒಳಗೆ ಹೇಳಿಕೊಟ್ಟದ್ದು ಮೂರು ವಿಷಯ: ಪಾಸ್‌ವರ್ಡ್ ಮರೆತರೆ ಏನು ಮಾಡಬೇಕು, ಒಟಿಪಿ ಬಾರದಿದ್ದರೆ ಏನು ಮಾಡಬೇಕು, ಕೊನೇ ದಿನಾಂಕ ಯಾವುದು. ಅರ್ಥೈಸಿಕೊಳ್ಳುವುದು ಮಧ್ಯಾಹ್ನದ ಅವಧಿಯಲ್ಲಿತ್ತು. ಊಟ ತಡವಾಯಿತು, ಅದು ಬಿಟ್ಟುಹೋಯಿತು.

ಅಲ್ಲಿ ಒಬ್ಬರು ಟೀಚರ್ ಎದ್ದು ನಿಂತರು. ಕೈಯಲ್ಲಿ ನಾಲ್ಕನೇ ಕ್ಲಾಸಿನ ಉತ್ತರ ಪತ್ರಿಕೆಗಳ ಕಟ್ಟು. "ಸರ್, 503ರಲ್ಲಿ 267 ಕಳೆಯಿರಿ ಅಂತ ಕೊಟ್ಟಿದ್ದೆ. ಏಳು ಮಕ್ಕಳು 364 ಅಂತ ಬರೆದಿದ್ದಾರೆ. ಒಬ್ಬರದು ಒಬ್ಬರು ನೋಡಿಲ್ಲ, ಬೇರೆ ಬೇರೆ ಕೂರಿಸಿದ್ದೆ. ಏಳೂ ಜನಕ್ಕೆ ಒಂದೇ ತಪ್ಪು ಉತ್ತರ ಹೇಗೆ ಬಂತು ಅಂತ ನೋಡಿದೆ. ಮೂರರಲ್ಲಿ ಏಳು ಹೋಗಲ್ಲ ಅಂತ ಏಳರಲ್ಲಿ ಮೂರು ಕಳೆದಿದ್ದಾರೆ, ಸೊನ್ನೆಯಲ್ಲಿ ಆರು ಹೋಗಲ್ಲ ಅಂತ ಆರನ್ನೇ ಇಳಿಸಿದ್ದಾರೆ. ದಶಕ ಬಿಡಿಸುವುದೇ ಅವರಿಗೆ ಗೊತ್ತಿಲ್ಲ. ಕಡ್ಡಿ ಕಟ್ಟು ಇಟ್ಟುಕೊಂಡು ಮತ್ತೆ ಮೊದಲಿಂದ ಮಾಡಿಸಬೇಕು. ಇದನ್ನು ಎಲ್ಲಿ ತುಂಬಿಸಲಿ?"

ತರಬೇತಿ ಕೊಡಲು ಬಂದಿದ್ದ ಸಂಪನ್ಮೂಲ ವ್ಯಕ್ತಿಗಳು ಸ್ಕ್ರೀನನ್ನು ಮೇಲೆ ಕೆಳಗೆ ಸರಿಸಿ ನೋಡಿದರು.

"ಅದಕ್ಕೆ ಕಾಲಂ ಇಲ್ಲ ಮೇಡಂ. ನೀವು ಅಂಕ ಹಾಕಿ, ಗ್ರೇಡ್ ತಾನಾಗೇ ಬರುತ್ತೆ."

ಇಡೀ ಸಭಾಂಗಣದಲ್ಲಿ ದತ್ತಾಂಶ ಅರ್ಥ ಮಾಡಿಕೊಂಡಿದ್ದವರು ಅವರೊಬ್ಬರೇ, ಅವರ ಹತ್ತಿರವೇ ಕಾಲಂ ಇರಲಿಲ್ಲ. ಸಿ ಗ್ರೇಡು ಅಂದರೆ ಮಗುವಿಗೆ ಬರಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಏನು ಬರಲ್ಲ, ನಾಳೆ ಬೆಳಗ್ಗೆ ಏನು ಮಾಡಿಸಬೇಕು ಅಂತ ಹೇಳುವುದು ಆ 364. ಅದು ಕೆಂಪು ಇಂಕಿನ ಕೆಳಗೆ ಉಳಿಯಿತು.

ಇನ್ನು ಶೇಕಡಾವಾರು. ಮಲೆನಾಡಿನ ಶಾಲೆಗಳಲ್ಲಿ ಒಂದು ತರಗತಿಗೆ ನಾಲ್ಕು ಮಕ್ಕಳಿದ್ದರೆ ಅದೇ ಪುಣ್ಯ. ಪರೀಕ್ಷೆ ದಿನ ಒಬ್ಬನಿಗೆ ಜ್ವರ ಬಂತು. ತರಗತಿಯ ಸಾಧನೆ ಶೇ. 25ರಷ್ಟು ಕುಸಿಯಿತು! ಕೂಡಲೇ ಕಾರಣ ಕೇಳಿ ಮೆಸೇಜು. ಮುಂದಿನ ಸಲ ಜ್ವರ ಬಿಟ್ಟಿತು, ಶೇ. 25ರಷ್ಟು ಏರಿಕೆ, ಗುಂಪಿನಲ್ಲಿ ಚಪ್ಪಾಳೆ. ಪ್ಯಾರಾಸಿಟಮಾಲ್‌ಗೆ ಸಲ್ಲಬೇಕಾದ ಅಭಿನಂದನೆ ಮೇಷ್ಟ್ರಿಗೆ ಸಂದಿತು. ನಾಲ್ಕು ಮಕ್ಕಳಿಗೆ ಶೇಕಡಾ ಲೆಕ್ಕ ಹಾಕಬಾರದು, ಹೆಸರು ಹಿಡಿದು ಮಾತಾಡಬೇಕು ಅಂತ ಅರ್ಧ ಗಂಟೆ ಹೇಳಿಕೊಟ್ಟಿದ್ದರೆ ಅದೇ ದೊಡ್ಡ ತರಬೇತಿ ಆಗುತ್ತಿತ್ತು. ಮೇಷ್ಟ್ರಿಗಲ್ಲ, ಮೆಸೇಜು ಹಾಕುವವರಿಗೆ.

ಕಾಫಿ ಕೊಯ್ಲಿನ ಕಥೆಯೂ ಇಂಥದ್ದೇ. ಡಿಸೆಂಬರ್, ಜನವರಿ ಬಂತೆಂದರೆ ಮೂಡಿಗೆರೆ, ಬೇಲೂರು, ಸಕಲೇಶಪುರದ ತೋಟಗಳಲ್ಲಿ ಹಣ್ಣು ಕೊಯ್ಯುವ ಕಾಲ. ಅಪ್ಪ ಅಮ್ಮ ತೋಟಕ್ಕೆ ಹೋಗುತ್ತಾರೆ, ದೊಡ್ಡ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ತೋಟದ ಕೂಲಿಯವರ ಲೈನ್ ಮನೆಯಲ್ಲೇ ಉಳಿಯುತ್ತಾಳೆ. ಹಾಜರಾತಿ ಇಳಿಯುತ್ತದೆ. ಇದು ಊರಿನ ನಾಯಿಗೂ ಗೊತ್ತು. ಆದರೆ ಸಭೆಯಲ್ಲಿ ಗೆರೆ ಕೆಳಗಿಳಿದ ಗ್ರಾಫ್ ತೋರಿಸಿ, "ಏನ್ರೀ ಇದು, ಚೆನ್ನಾಗಿ ಪಾಠ ಮಾಡಿದ್ರೆ ಮಕ್ಕಳು ಬರಲ್ವಾ?" ಅಂತ ಕೇಳಲಾಗುತ್ತದೆ. ಕಳೆದ ವರ್ಷದ ಡಿಸೆಂಬರನ್ನು ಪಕ್ಕದಲ್ಲಿಟ್ಟು ನೋಡಿದ್ದರೆ ಅಲ್ಲೂ ಅದೇ ಗೆರೆ. ಕೊಯ್ಲಿಗೆ ಮೊದಲೇ ಆ ಹುಡುಗಿಯ ಮನೆಗೆ ಒಂದು ಸಲ ಹೋಗಿ ಬರಬೇಕು, ತಮ್ಮನಿಗೆ ಅಂಗನವಾಡಿ ನೋಡಬೇಕು ಅಂತ ಅಕ್ಟೋಬರಿನಲ್ಲೇ ಹೊಳೆಯುತ್ತಿತ್ತು. ಹಾಗೆ ನೋಡಲು ಪುರುಸೊತ್ತು ಬೇಕಲ್ಲ, ಅಕ್ಟೋಬರಿನಲ್ಲಿ ಬೇರೇನೋ ಅಪ್‌ಲೋಡ್ ಇರುತ್ತದೆ.

ರ‍್ಯಾಂಕ್ ವಿಷಯಕ್ಕೆ ಬಂದರೆ ನಾವು ಹಾಸನದವರು ಸುಮ್ನೆ ಅಲ್ಲ. 2019ರ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು. ಆ ಕೀರ್ತಿ ಯಾರಿಗೆ ಸೇರಬೇಕು ಅಂತ ದೊಡ್ಡವರ ನಡುವೆ ಆದ ಚರ್ಚೆ ನೆನಪಿರಬೇಕು. ಯಾವ ಮಗು ಯಾವ ಲೆಕ್ಕದಲ್ಲಿ ಎಡವುತ್ತಿದೆ ಅಂತ ಅಷ್ಟು ಬಿಸಿಯಾಗಿ ಚರ್ಚೆ ನಡೆದದ್ದು ನಾನಂತೂ ಕೇಳಿಲ್ಲ. ರಾಷ್ಟ್ರೀಯ ಸಾಧನಾ ಸಮೀಕ್ಷೆಯದ್ದೂ ಇದೇ ಪಾಡು. 2021ರ ನವೆಂಬರ್ 12ರಂದು ನಡೆದ ಆ ಪರೀಕ್ಷೆ ಆಯ್ದ ಶಾಲೆಗಳ, ಆಯ್ದ ಮಕ್ಕಳ ಸಮೀಕ್ಷೆ. ಜಿಲ್ಲೆಯ ಒಟ್ಟು ಚಿತ್ರ ಕೊಡುವುದಕ್ಕೆ ಮಾಡಿದ್ದು. ಅದರ ಅಂಕಿ ಹಿಡಿದು ಸಮೀಕ್ಷೆಯಲ್ಲಿ ಇಲ್ಲದ ಶಾಲೆಯ ಮೇಷ್ಟ್ರನ್ನು ನಿಲ್ಲಿಸಿ ಕೇಳಿದರೆ ಅವರು ಏನು ಹೇಳಬೇಕು?

ಹಾಗಂತ ಮೇಷ್ಟ್ರಿಗೆ ಡೇಟಾ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಿಕ್ಕ ಕ್ಲಾಸಿನ ಮಕ್ಕಳು ಅವರವರ ವೇಗದಲ್ಲಿ ಆಡುತ್ತಾ ಕಲಿಯುವ ಪದ್ಧತಿಯಾದ ನಲಿಕಲಿಯ ಯಾವುದೇ ಕೊಠಡಿಗೆ ಹೋಗಿ ನೋಡಿ, ಗೋಡೆಯಲ್ಲಿ ಕಲಿಕಾ ಏಣಿ, ಪಕ್ಕದಲ್ಲೇ ಪ್ರಗತಿ ನೋಟ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಎರಡನೇ ಕ್ಲಾಸಿನ ಹುಡುಗ ತಾನೇ ಬೆರಳಿಟ್ಟು, "ನಂದು ಇಲ್ಲಿ ನಿಂತೈತೆ ಮಿಸ್" ಅನ್ನುತ್ತಾನೆ. ನಲಿಕಲಿಗೆ ಅದರದ್ದೇ ತಾಪತ್ರಯಗಳಿವೆ, ಅದು ಬೇರೆ ಮಾತು. ಆದರೆ ಆ ಚಾರ್ಟಿಗೆ ಒಟಿಪಿ ಕೇಳುವ ಅಭ್ಯಾಸ ಇಲ್ಲ.

ತರಬೇತಿ ಹೇಗಾಯಿತು ಅಂತ ಕೇಳ್ತೀರಾ? ಬಹಳ ಚೆನ್ನಾಗಿ ಆಯಿತು. ಹಿಮ್ಮಾಹಿತಿಯ ಗೂಗಲ್ ಫಾರ್ಮನ್ನು ಬೆಳಗ್ಗೆಯೇ, ತರಬೇತಿ ಶುರುವಾಗುವ ಮೊದಲೇ ಎಲ್ಲರಿಂದಲೂ ತುಂಬಿಸಿದರು. ಮಧ್ಯಾಹ್ನ ಮಳೆ ಹಿಡಿದರೆ ಟವರ್ ಹೋಗುತ್ತದಲ್ಲ, ಅದಕ್ಕೆ. ಎಲ್ಲರೂ ಐದಕ್ಕೆ ಐದು ಕೊಟ್ಟರು. ಆ ದತ್ತಾಂಶವನ್ನು ಆಧರಿಸಿ ಎರಡನೇ ಹಂತದ ತರಬೇತಿ ಮಂಜೂರಾಗಿದೆಯಂತೆ. ಏಕೋಪಾಧ್ಯಾಯ ಶಾಲೆಯವರೂ ತಪ್ಪದೆ ಬರಬೇಕು, ಬರುವ ಮೊದಲು ಆ ದಿನದ ಹಾಜರಾತಿ ಹಾಕಿ ಬರಬೇಕು.