ಹಳದಿ ಚಿನ್ನಕ್ಕೆ ಬಿಳುಪು ಬಳಿದವರು ಅವರು, ಮಾತು ಕೇಳಿಸಿಕೊಂಡವಳು ನಾನು

“ಪಾತ್ರೆ ತೊಳೆಯುವ ಕೈಯಲ್ಲಿ ಇಂಥ ಉಂಗುರ ನಿಲ್ಲುವುದಿಲ್ಲ ಅಮ್ಮ.”

ಇಷ್ಟು ಹೇಳಿ ಒಡವೆ ಅಂಗಡಿಯ ಹುಡುಗ ಬಿಳುಪು ಹೋದ ನನ್ನ ಉಂಗುರವನ್ನು ಗಾಜಿನ ಮೇಲೆ ಟಣ್ಣೆಂದು ಇಟ್ಟ. ಮೆಲ್ಲಗೆ ಹೇಳಬಹುದಿತ್ತು, ಹೇಳಲಿಲ್ಲ. ಪಕ್ಕದಲ್ಲಿ ಮದುವೆಗೆ ಸರ ಆರಿಸುತ್ತಿದ್ದ ಒಂದು ಕುಟುಂಬವಿಡೀ ತಿರುಗಿ ಮೊದಲು ನನ್ನ ಮುಖ ನೋಡಿತು, ಆಮೇಲೆ ನನ್ನ ಕೈ ನೋಡಿತು. ಅವರಲ್ಲಿ ಹಿರಿಯಾಕೆಯೊಬ್ಬರು ಮಗಳ ಕಿವಿಯಲ್ಲಿ ಏನೋ ಉಸುರಿದರು. ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಯಾಕೆ ಎಳೆದುಕೊಂಡೆ? ಕದ್ದ ಮಾಲು ಮಾರಲು ಹೋಗಿದ್ದೆನೇ? ಎರಡು ರಾತ್ರಿಯಿಂದ ಅದೇ ಟಣ್ಣೆಂಬ ಸದ್ದು ಕಿವಿಯಲ್ಲಿದೆ. ಪಾತ್ರೆ ತೊಳೆಯುವುದು ಯಾವಾಗಿನಿಂದ ಅಪರಾಧವಾಯಿತು? ನಮ್ಮ ಅಮ್ಮನ ಉಂಗುರ ಬೂದಿ, ಹುಣಿಸೆಹಣ್ಣು, ಸೋಪು ಎಲ್ಲವನ್ನೂ ಕಂಡಿದೆ. ಸವೆದು ತೆಳ್ಳಗಾಗಿದೆ, ಬಣ್ಣ ಮಾತ್ರ ಬದಲಿಸಿಲ್ಲ.

ನನ್ನ ಈ ಉಂಗುರ ಬದಲಿಸಿತು. ಅಂಗೈ ಕಡೆಗೆ ಬರುವ ಭಾಗದಲ್ಲಿ ಬಿಳುಪು ಹೋಗಿ ಹಳದಿ ಇಣುಕಿದೆ. ಹರಳನ್ನು ಹಿಡಿದ ಕಾಲುಗಳ ತುದಿಯಲ್ಲೂ ಅದೇ ಹಳದಿ. ಕೈ ಮಗುಚಿದರೆ ಒಂದು ಬಣ್ಣ, ಮೇಲೆತ್ತಿದರೆ ಇನ್ನೊಂದು. ಬೀಗಿತ್ತಿ ಊಟಕ್ಕೆ ಕುಳಿತಾಗ ನೋಡಿ “ಇದೇನು, ಗಿಲೀಟಿನದೇ?” ಎಂದರು. ಸುಮ್ಮನೆ ಕೇಳಿದ್ದಿರಬಹುದು. ನನಗೆ ಅನ್ನ ಇಳಿಯಲಿಲ್ಲ.

ಕೊಳ್ಳುವಾಗ ಅಂಗಡಿಯವರು ಹೇಳಿದ್ದು ವೈಟ್ ಗೋಲ್ಡ್, ಅಂದರೆ ಬಿಳಿ ಚಿನ್ನ. ಅದೇ ಮಾತನ್ನು ನಂಬಿ ಮಜೂರಿ, ವೇಸ್ಟೇಜ್, ಜಿಎಸ್‌ಟಿ ಎಲ್ಲ ಕೊಟ್ಟು ಬಂದೆವು. ಈಗ ಮ್ಯಾನೇಜರ್ ಹೇಳುವ ಮಾತೇ ಬೇರೆ: “ಅದು ರೋಡಿಯಂ ಪಾಲಿಶ್ ಮೇಡಂ, ಹೋಗುವಂಥದ್ದೇ. ರೋಡಿಯಂ ಚಿನ್ನಕ್ಕಿಂತ ದುಬಾರಿ ಗೊತ್ತೇ?” ಗೊತ್ತು. ಪ್ಲಾಟಿನಂ ಗುಂಪಿನ ಲೋಹ, 2021ರಲ್ಲಿ ಅದರ ಬೆಲೆ ಚಿನ್ನದ ಹತ್ತು ಪಟ್ಟು ದಾಟಿತ್ತು. ಆದರೆ ನನ್ನ ಉಂಗುರದ ಮೇಲೆ ಎಷ್ಟಿತ್ತು? ಸಾಮಾನ್ಯವಾಗಿ ಈ ಲೇಪ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ದಪ್ಪವೂ ಇರುವುದಿಲ್ಲ. ತಲೆಗೂದಲೇ ಐವತ್ತು ಮೈಕ್ರಾನ್ ಮೀರುತ್ತದೆ. ಇನ್ನು ಸವೆಯದೆ ಏನು ಮಾಡೀತು?

ಬೆಂಗಳೂರಿನ ನಗರ್ತಪೇಟೆಯಲ್ಲಿ ಕೆಲಸ ಮಾಡುವ ನಮ್ಮ ಪರಿಚಯದ ಅಕ್ಕಸಾಲಿಗರು ಉಂಗುರವನ್ನು ಬೆಳಕಿಗೆ ಹಿಡಿದು ನೋಡಿದ ಕೂಡಲೇ ಹೇಳಿದರು, “ಒಳಗೆ ಮಾಮೂಲಿ ಹಳದಿ ಚಿನ್ನ ತಾಯಿ.” ನಿಜವಾದ ಬಿಳಿ ಚಿನ್ನವೆಂದರೆ ಚಿನ್ನಕ್ಕೆ ಪಲ್ಲೇಡಿಯಂ ಅಥವಾ ನಿಕಲ್ ಬೆರೆಸಿ ಕರಗಿಸಿದ್ದು. ಅದಕ್ಕೂ ಹೊಳಪಿಗೆಂದು ರೋಡಿಯಂ ಹಾಕುತ್ತಾರೆ. ಆದರೆ ಲೇಪ ಸವೆದರೆ ಒಳಗಿಂದ ಮಾಸಲು ಬಿಳುಪು ಕಾಣುತ್ತದೆಯೇ ಹೊರತು ಹೀಗೆ ಅರಿಶಿನದಂತೆ ಹೊಡೆದು ಕಾಣುವುದಿಲ್ಲ. ನನ್ನದನ್ನು ಚೆನ್ನಾಗಿ ತೊಳೆದು, ರೋಡಿಯಂ ದ್ರಾವಣದಲ್ಲಿ ಮುಳುಗಿಸಿ, ಸ್ವಲ್ಪ ಹೊತ್ತು ವಿದ್ಯುತ್ ಹರಿಸಿ ತೆಗೆದಿದ್ದಾರೆ, ಅಷ್ಟೇ. ಮತ್ತೆ ಲೇಪ ಹಾಕಬೇಕಾದರೆ ಮೊದಲು ಉಜ್ಜಿ ನುಣುಪು ಮಾಡಬೇಕು, ಆಗ ಚೂರು ಚಿನ್ನವೂ ಹೋಗುತ್ತದೆ. ಅಂದರೆ ಪ್ರತಿ ಸಲವೂ ದುಡ್ಡೂ ಹೋಗುತ್ತದೆ, ಚಿನ್ನವೂ ಹೋಗುತ್ತದೆ.

ಹಾಲ್‌ಮಾರ್ಕ್ ನೋಡಲಿಲ್ಲವೇ ಎಂದು ಕೇಳುವವರಿಗೆ ಮೊದಲೇ ಹೇಳುತ್ತೇನೆ, ನೋಡಿದ್ದೆ. ಸರ್ಕಾರಿ ಮಾನಕ ಸಂಸ್ಥೆ ಬಿಐಎಸ್ ಗುರುತು ಇದೆ, 18 ಕ್ಯಾರೆಟ್ 750 ಎಂದಿದೆ, ಆ ಒಡವೆಗೇ ಮೀಸಲಾದ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ ಇದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಎಲ್ಲ ಸರಿಯಾಗಿಯೇ ಬರುತ್ತದೆ. ಸಾವಿರಕ್ಕೆ 750 ಪಾಲು ಚಿನ್ನ ಎಂಬುದು ಸುಳ್ಳಲ್ಲ. ಆದರೆ ಉಳಿದ 250 ಪಾಲು ಏನು, ಮೇಲೆ ಬಳಿದದ್ದೇನು ಎಂದು ಆ ಗುರುತು ಹೇಳುವುದಿಲ್ಲ. ನನ್ನ ಬಿಲ್ಲಿನಲ್ಲಿಯೂ ಇರುವುದು ತೂಕ, ದರ, ಮಜೂರಿ. ಲೇಪದ ಮಾತು ಒಂದಕ್ಷರವೂ ಇಲ್ಲ.

ಹೋಗಲಿ ಬಿಡು ಎನ್ನುತ್ತಾರೆ ಮನೆಯವರು. ಚಿನ್ನ ಚಿನ್ನವೇ ತಾನೇ, ಮಾರಿದರೆ ಬೆಲೆ ಬರುತ್ತದೆ ತಾನೇ. ಬರುತ್ತದೆ. ನಾನೂ ನಿನ್ನೆ ಸಂಜೆ ಬಿಟ್ಟೇಬಿಟ್ಟೆ ಎಂದುಕೊಂಡು ಮಲಗಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ಉಂಗುರ ಕಂಡಿತು, ಮತ್ತೆ ಹೊಟ್ಟೆ ಉರಿಯಿತು. ಹೇಗೆ ಬಿಡಲಿ? ಹಳದಿ ಚಿನ್ನದ ಮೇಲೆ ಬಿಳುಪು, ವರ್ಷಕ್ಕೋ ಎರಡು ವರ್ಷಕ್ಕೋ ಮತ್ತೆ ಹಾಕಿಸಬೇಕು ಎಂದು ಒಂದು ಮಾತು ಹೇಳಿದ್ದರೆ ಬೇಕೋ ಬೇಡವೋ ನಾನೇ ತೀರ್ಮಾನಿಸುತ್ತಿದ್ದೆ. ಬಹುಶಃ ಕೊಳ್ಳುತ್ತಲೂ ಇದ್ದೆ! ಅದನ್ನು ಮುಚ್ಚಿಟ್ಟು, ಈಗ ನನ್ನ ಕೈಯನ್ನು ದೂರುವುದು ಯಾವ ನ್ಯಾಯ?

ಚಿನ್ನದ ವ್ಯಾಪಾರದಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಿ. ಬಿಲ್ಲಿನಲ್ಲಿ ಒಂದು ಸಾಲು ಬರೆಯಲು ನಿಮಗೇನು ನಷ್ಟ? ಬರೆದರೆ ಮಾರಾಟವಾಗುವುದಿಲ್ಲ ಎಂಬ ಭಯವೇ? ಹಾಗಿದ್ದರೆ ಅದನ್ನಾದರೂ ಬಾಯಿಬಿಟ್ಟು ಹೇಳಿ.

ಶುಕ್ರವಾರ ನಾದಿನಿಯ ಮಗನ ಮದುವೆ. ಬೀಗರೆಲ್ಲ ಬರುತ್ತಾರೆ, ಈ ಉಂಗುರ ಹಾಕಿಕೊಳ್ಳದಿದ್ದರೂ ಕೇಳುತ್ತಾರೆ. ಹಾಗಾಗಿ ನಾಳೆ ಅದೇ ಅಂಗಡಿಗೆ ಹೋಗಿ, ಅವರು ಕೇಳಿದಷ್ಟು ಕೊಟ್ಟು ಮತ್ತೆ ಲೇಪ ಹಾಕಿಸುತ್ತೇನೆ, ಬೇರೆ ದಾರಿ ಇಲ್ಲ. ಆದರೆ ರಸೀದಿಯಲ್ಲಿ “ಹಳದಿ ಚಿನ್ನದ ಮೇಲೆ ರೋಡಿಯಂ ಲೇಪ” ಎಂದು ಬರೆದು ಸಹಿ ಹಾಕಿ ಕೊಡುವವರೆಗೂ ಆ ಕುರ್ಚಿಯಿಂದ ಏಳುವುದಿಲ್ಲ. ಪಕ್ಕದಲ್ಲಿ ಯಾರು ಕುಳಿತಿದ್ದರೂ ಸರಿ, ಎಲ್ಲರಿಗೂ ಕೇಳುವ ಹಾಗೆ ಓದಿಸುತ್ತೇನೆ.